ಮನೆಗೊಂದು ಕಾರ್ಡ್‌ಲೆಸ್ ಸ್ಕ್ರೂಡ್ರೈವರ್: ಕಡಿಮೆ ಬೆಲೆಯದನ್ನು ಅಳೆದು ನೋಡುವುದು ಹೇಗೆ?

ಅಡುಗೆಮನೆಯ ಕಬೋರ್ಡಿನ ಬಾಗಿಲು ಜೋತುಬಿದ್ದಿದೆ. ಕರ್ಟನ್ ರಾಡಿನ ಬ್ರಾಕೆಟ್ ಅಲ್ಲಾಡುತ್ತಿದೆ. ಮಗುವಿನ ಆಟಿಕೆಯ ಬ್ಯಾಟರಿ ಮುಚ್ಚಳ ತೆಗೆಯಬೇಕು. ಆನ್‌ಲೈನಿನಲ್ಲಿ ತರಿಸಿದ ಶೂ ರ‍್ಯಾಕ್ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಮನೆಯಲ್ಲಿ ಸ್ಕ್ರೂಡ್ರೈವರ್ ಹುಡುಕುವುದು ಹೆಚ್ಚಾಗಿ ಇಂಥ ಕೆಲಸಗಳಿಗೇ. ಇವಕ್ಕೆ ದೊಡ್ಡ ಬಲ ಬೇಡ, ಸ್ಕ್ರೂ ಕೂತ ಕ್ಷಣವೇ ಯಂತ್ರ ನಿಲ್ಲಬೇಕು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವುದೆಲ್ಲ ಬಲದ ಮಾತು. ನಿಲ್ಲುವ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹಾಗಾಗಿ ಅದನ್ನು ನಾವೇ ನೋಡಿಕೊಳ್ಳಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ಕಬೋರ್ಡಿಗೆ ಹಾಕುವ ಆರು ನಂಬರಿನ ಒಂದಿಂಚು ಸ್ಕ್ರೂ ಒಂದು ಸುತ್ತಿಗೆ ಸುಮಾರು 2 ಮಿಲಿಮೀಟರ್ ಒಳಹೋಗುತ್ತದೆ. ಪೂರ್ತಿ ಕೂರಲು ಹನ್ನೆರಡು ಹದಿಮೂರು ಸುತ್ತು ಸಾಕು. ನಿಮಿಷಕ್ಕೆ 200 ಸುತ್ತು ತಿರುಗುವ ಸಣ್ಣ ಸ್ಕ್ರೂಡ್ರೈವರಿನಲ್ಲಿ ಇದು ನಾಲ್ಕು ಸೆಕೆಂಡಿನ ಕೆಲಸ. 1300 ಸುತ್ತಿನ ಡ್ರಿಲ್ಲಿನಲ್ಲಿ ಅರ್ಧ ಸೆಕೆಂಡು ಚಿಲ್ಲರೆ. ಸ್ಕ್ರೂ ಕೂತಿತೆಂದು ಕಣ್ಣಿಗೆ ಕಂಡು ಬೆರಳು ಟ್ರಿಗರ್ ಬಿಡಲು ಒಂದು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಸಣ್ಣದು ಮುಕ್ಕಾಲು ಸುತ್ತೂ ಮುಂದೆ ಹೋಗಿರುವುದಿಲ್ಲ, ದೊಡ್ಡದು ನಾಲ್ಕು ಸುತ್ತು ಮುಗಿಸಿರುತ್ತದೆ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನಲ್ಲಿ ಆ ನಾಲ್ಕು ಸುತ್ತು ಎಂದರೆ ಥ್ರೆಡ್ ಹೋಯಿತು, ಸ್ಕ್ರೂ ಸುಮ್ಮನೆ ಗಿರಗಿರ ತಿರುಗುತ್ತದೆ.

ಅಂಗಡಿಯಲ್ಲಿ ಸಿಗುವುದೇನೇನು

300ರಿಂದ 600 ರೂಪಾಯಿಗೆ ಒಳ್ಳೆಯ ರ‍್ಯಾಚೆಟ್ ಕೈ ಸ್ಕ್ರೂಡ್ರೈವರ್ ಸಿಗುತ್ತದೆ. ಚಾರ್ಜಿಂಗ್ ಬೇಡ, ಹತ್ತು ವರ್ಷ ಇಟ್ಟರೂ ಕೆಡುವುದಿಲ್ಲ. ತಿಂಗಳಿಗೆ ನಾಲ್ಕು ಸ್ಕ್ರೂ ಮುಟ್ಟುವ ಮನೆಗೆ ಇದೇ ಸರಿ. ಬ್ಯಾಟರಿಯದನ್ನು ಕೊಂಡರೂ ಇದೊಂದು ಜೊತೆಗಿರಲಿ, ಕೊನೆಯ ಅರ್ಧ ಸುತ್ತಿಗೆ ಕೈಗಿಂತ ಒಳ್ಳೆಯ ಅಳತೆ ಇಲ್ಲ.

ಸುಮಾರು 1000ದಿಂದ 2500 ರೂಪಾಯಿಯೊಳಗೆ 3.6 ವೋಲ್ಟಿನ ಲಿಥಿಯಂ ಸ್ಕ್ರೂಡ್ರೈವರುಗಳಿವೆ. ಕೆಲವು ಕಂಪನಿಗಳು ಇದನ್ನೇ 4 ವೋಲ್ಟ್ ಎಂದು ಬರೆಯುತ್ತವೆ. ಒಳಗಿರುವುದು ಒಂದೇ ಸೆಲ್: ಸಾಮಾನ್ಯ ಸ್ಥಿತಿಯಲ್ಲಿ 3.6, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಎರಡೂ ಒಂದೇ ಸಾಮಾನು, 4 ಎಂದಿರುವುದಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಮನೆಗೆಲಸದ ಸ್ಕ್ರೂಗಳಲ್ಲಿ ಬಹುಪಾಲು ಇದರ ಕೈಗೆ ಬರುತ್ತವೆ.

12 ವೋಲ್ಟಿನ ಡ್ರಿಲ್ ಡ್ರೈವರ್ ಹೆಸರಿರುವ ಕಂಪನಿಯದಾದರೆ 4000 ರೂಪಾಯಿಯಿಂದ ಮೇಲಕ್ಕೆ. ಮೂರು ಸೆಲ್, ಎರಡು ಗೇರು, ಒತ್ತಿದಷ್ಟೇ ವೇಗ ಕೊಡುವ ಟ್ರಿಗರ್, ಹದಿನೈದು ಇಪ್ಪತ್ತು ಹಂತದ ಕ್ಲಚ್ (ಸ್ಕ್ರೂ ಬಿಗಿಯಾದೊಡನೆ ತಿರುಗುವುದನ್ನು ತಡೆಯುವ ಭಾಗ). ಬಲ 25ರಿಂದ 30 ನ್ಯೂಟನ್ ಮೀಟರ್. ಮರದಲ್ಲಿ ತೂತು ಕೊರೆಯುವುದು, ಮಂಚ ಬಿಚ್ಚಿ ಜೋಡಿಸುವುದು, ಹಳೇ ಬಾಗಿಲಿನ ಕೀಲು ಬದಲಿಸುವುದು ನಿಮ್ಮ ಪಟ್ಟಿಯಲ್ಲಿದ್ದರೆ ಚಿಕ್ಕದನ್ನು ಕೊಳ್ಳಬೇಡಿ, ನೇರ ಇಲ್ಲಿಗೆ ಬನ್ನಿ.

ಇವೆರಡರ ನಡುವಿನ ಬೆಲೆಗೆ, ಹೊಳೆಯುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, "21 ವೋಲ್ಟ್", "48 ವಿಎಫ್", "98 ವಿಎಫ್" ಎಂದು ಬರೆದ ಹೆಸರಿಲ್ಲದ ಕಿಟ್‌ಗಳು ಸಿಗುತ್ತವೆ. ಜನ ಮೋಸಹೋಗುವುದು ಇಲ್ಲೇ. 18650 ಅಳತೆಯ ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 21. ನಿಜವಾಗಿ 48 ವೋಲ್ಟ್ ಬೇಕಾದರೆ ಹದಿಮೂರು ಸೆಲ್ ಬೇಕು, ಆ ಬ್ಯಾಟರಿ ಡಬ್ಬಿಯೊಳಗೆ ಅಷ್ಟು ಜಾಗವೇ ಇಲ್ಲ. "ವಿಎಫ್" ಎನ್ನುವುದು ಯಾವ ಅಳತೆಯೂ ಅಲ್ಲ. ವೋಲ್ಟ್ ಎಂದು ಬರೆದರೆ ಸುಳ್ಳಾಗುತ್ತದೆಂದು ಪಕ್ಕಕ್ಕೊಂದು ಅಕ್ಷರ ಸೇರಿಸಿದ್ದಾರೆ, ಅಷ್ಟೆ. ಬ್ಯಾಟರಿಯ ಹಿಂದಿನ ಸಣ್ಣಕ್ಷರ ಓದಿ, ಅಲ್ಲೂ ವೋಲ್ಟ್ ಎಷ್ಟೆಂದು ಬರೆದಿಲ್ಲವಾದರೆ ವಾಪಸ್ ಇಡಿ. ಇವುಗಳ ಟ್ರಿಗರ್ ಮೆಲ್ಲಗೆ ಒತ್ತಿದರೂ ಒಮ್ಮೆಲೇ ಜಿಗಿಯುವುದುಂಟು. ಸ್ವಿಚ್ ಪ್ಲೇಟಿಗೂ ಕಬೋರ್ಡಿನ ಕೀಲಿಗೂ ಹೇಳಿದ ಉಪಕರಣ ಇದಲ್ಲ.

ಇನ್ನೂ ಎರಡು ಬಗೆ ಕಣ್ಣಿಗೆ ಬೀಳುತ್ತವೆ. ನಾಲ್ಕು ಪೆನ್ಸಿಲ್ ಸೆಲ್ ಹಾಕುವುದು, ಮತ್ತು 4.8 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯದು. ಮೊದಲನೆಯದರಲ್ಲಿ ಸೆಲ್ ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿಂದುಹಾಕುತ್ತದೆ. ಎರಡನೆಯದು ಸುಮ್ಮನೆ ಇಟ್ಟಲ್ಲೇ ಕೆಲವು ತಿಂಗಳಲ್ಲಿ ಖಾಲಿಯಾಗುತ್ತದೆ, ಜೊತೆಗೆ ಬರುವ ಅಗ್ಗದ ಚಾರ್ಜರಿಗೆ ತುಂಬಿದ ಮೇಲೆ ನಿಲ್ಲಿಸುವ ಬುದ್ಧಿಯೂ ಇರುವುದಿಲ್ಲ. ಎರಡೂ ಬೇಡ.

ಟಾರ್ಕ್ ಎಷ್ಟಿದ್ದರೆ ಸಾಕು

ಟಾರ್ಕ್ ಎಂದರೆ ತಿರುಚು ಬಲ, ಅದರ ಅಳತೆ ನ್ಯೂಟನ್ ಮೀಟರ್. ಒಂದು ನ್ಯೂಟನ್ ಮೀಟರ್ ಎಂದರೆ, ಸ್ಕ್ರೂವಿನ ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ ಒಂದು ಕಿಲೋ ತೂಗುಹಾಕಿದಾಗ ಬೀಳುವ ತಿರುಚು ಬಲ. ಸಣ್ಣ ಸ್ಕ್ರೂಡ್ರೈವರುಗಳು 3ರಿಂದ 5 ನ್ಯೂಟನ್ ಮೀಟರ್ ಎಂದು ಹೇಳಿಕೊಳ್ಳುತ್ತವೆ. ಗಟ್ಟಿ ಮುಷ್ಟಿಯಲ್ಲಿ ಕೈ ಸ್ಕ್ರೂಡ್ರೈವರಿನಿಂದ ಹಾಕುವ ಬಲವೂ ಇದರ ಆಸುಪಾಸಿನಲ್ಲೇ. ಅಂದರೆ ಕೈಯಲ್ಲಿ ಆಗುವ ಕೆಲಸವನ್ನೇ ಇದು ಬೇಗ, ಮಣಿಕಟ್ಟು ನೋಯದಂತೆ ಮಾಡಿಕೊಡುತ್ತದೆ. ಕೈಯಲ್ಲಿ ಆಗದ್ದು ಇದರಲ್ಲೂ ಆಗದು.

ಪೆಟ್ಟಿಗೆಯ ಅಂಕಿ ನಂಬಬಹುದೇ ಎಂದು ನೋಡಲು ಸುಲಭದ ದಾರಿಯಿದೆ: ಟಾರ್ಕನ್ನೂ ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಅನ್ನೂ ಗುಣಿಸಿ. 5 ನ್ಯೂಟನ್ ಮೀಟರ್, 200 ಆರ್‌ಪಿಎಂ ಆದರೆ 1000. ಒಂದೇ ಸೆಲ್ಲಿನ ಯಂತ್ರದಲ್ಲಿ ಈ ಗುಣಲಬ್ಧ 2000 ದಾಟಿದರೆ ಅನುಮಾನಿಸಿ. ಗೇರ್ ಬದಲಿಸಿ ವೇಗ ಕಮ್ಮಿ ಮಾಡಿದರೆ ಬಲ ಏರುತ್ತದೆ, ವೇಗ ಏರಿಸಿದರೆ ಬಲ ಇಳಿಯುತ್ತದೆ. ಎರಡೂ ಒಟ್ಟಿಗೆ ಏರಬೇಕಾದರೆ ಹೆಚ್ಚು ಕರೆಂಟ್ ಬೇಕು, ಅಷ್ಟನ್ನು ಕೊಡುವ ಸೆಲ್ ಅಗ್ಗದ ಯಂತ್ರದಲ್ಲಿ ಇರುವುದಿಲ್ಲ. "3.6 ವೋಲ್ಟ್, 10 ನ್ಯೂಟನ್ ಮೀಟರ್, 400 ಆರ್‌ಪಿಎಂ" ಎಂದು ಬರೆದಿದ್ದರೆ ಅದರಲ್ಲೊಂದು ಅಂಕಿಯಾದರೂ ಸುಳ್ಳು.

ಕ್ಲಚ್ಚೇ ಮುಖ್ಯ

ಹಿಡಿತ ನಿಗದಿಯಾದ ಮಟ್ಟ ಮುಟ್ಟಿದೊಡನೆ ಮೋಟಾರಿಗೂ ಬಿಟ್‌ಗೂ (ಸ್ಕ್ರೂ ತಲೆಗೆ ಸಿಕ್ಕಿಸುವ ತುದಿ) ಇರುವ ಸಂಬಂಧವನ್ನು ಕಡಿಯುವುದು ಕ್ಲಚ್. ಬಿಟ್ ಹಿಡಿಯುವ ಚಕ್ಕಿನ ಹಿಂದೆ ಅಂಕಿ ಬರೆದ ಬಳೆ ಇರುತ್ತದೆ. ಕೆಲವು ಮಾದರಿಗಳಲ್ಲಿ ಅದೇ ಕೆಲಸವನ್ನು ಎಲೆಕ್ಟ್ರಾನಿಕ್ ಆಗಿ, ಮೋಟಾರ್ ಎಳೆಯುವ ಕರೆಂಟ್ ನೋಡಿ ಮಾಡುತ್ತಾರೆ. ಎರಡೂ ಆದೀತು. ಕ್ಲಚ್ಚೇ ಇಲ್ಲದ್ದು 300 ರೂಪಾಯಿ ಅಗ್ಗವಾದರೂ ಬೇಡ.

ಕಬೋರ್ಡಿನ ಬಾಗಿಲಿನ ಕೀಲನ್ನೇ ತೆಗೆದುಕೊಳ್ಳಿ. ಮಾಡ್ಯುಲರ್ ಕಿಚನ್ನಿನಲ್ಲಿ ಬರುವುದು 35 ಮಿಲಿಮೀಟರ್ ಬಟ್ಟಲಿನ ಹೈಡ್ರಾಲಿಕ್ ಕೀಲು. ಬಟ್ಟಲಿಗೆ ಎರಡು, ಒಳಗಿನ ಪ್ಲೇಟಿಗೆ ಎರಡು ಸ್ಕ್ರೂ. ಉದ್ದ 16 ಮಿಲಿಮೀಟರ್, ಬೋರ್ಡಿನ ದಪ್ಪ 18. ಒಂದು ಬಾಗಿಲಿಗೆ ಎರಡು ಕೀಲೆಂದರೂ ಹತ್ತು ಬಾಗಿಲಿಗೆ 80 ಸ್ಕ್ರೂ. ಯಂತ್ರ ಬೇಕೆನಿಸುವುದು ಇಂಥ ಕಡೆಯೇ, ಕ್ಲಚ್ ಇಲ್ಲದಿದ್ದರೆ ಹಾಳಾಗುವುದೂ ಇಲ್ಲೇ. ಕ್ಲಚ್ ಅನ್ನು 1ಕ್ಕೆ ಇಟ್ಟು ನಾಲ್ಕೂ ಸ್ಕ್ರೂ ಹತ್ತಿಸಿ. ಟಕಟಕ ಎಂದು ಬೇಗನೆ ಜಾರಿದರೆ ಒಂದೊಂದೇ ಅಂಕಿ ಏರಿಸಿ, ಸ್ಕ್ರೂ ತಲೆ ಪ್ಲೇಟಿಗೆ ಮುಟ್ಟಿದ ಕೂಡಲೇ ಜಾರುವ ಅಂಕಿ ಸಿಕ್ಕರೆ ಅದನ್ನೇ ಹಿಡಿದುಕೊಳ್ಳಿ. ಕೊನೆಯ ಕಾಲು ಸುತ್ತು ಕೈಯಲ್ಲಿ. ಬಾಗಿಲು ವಾರೆಯಾಗಿದ್ದರೆ ಈ ಸ್ಕ್ರೂಗಳನ್ನು ಬಿಗಿದು ಪ್ರಯೋಜನವಿಲ್ಲ. ಕೀಲಿನ ತೋಳಿನಲ್ಲಿ ಎರಡು ಹೊಂದಾಣಿಕೆ ಸ್ಕ್ರೂಗಳಿವೆ: ಮುಂದಿನದು ಬಾಗಿಲನ್ನು ಎಡಬಲಕ್ಕೆ ಸರಿಸುತ್ತದೆ, ಹಿಂದಿನದು ಒಳಕ್ಕೆ ಹೊರಕ್ಕೆ. ಇವಕ್ಕೆ ಯಂತ್ರ ತೋರಿಸಲೇಬೇಡಿ, ಅರ್ಧ ಸುತ್ತಿಗೇ ಬಾಗಿಲು ಕಣ್ಣಿಗೆ ಕಾಣುವಷ್ಟು ಜರುಗುತ್ತದೆ.

ಥ್ರೆಡ್ ಆಗಲೇ ಹೋಗಿದ್ದರೆ ತಲೆ ಮುರಿದ ಬೆಂಕಿಕಡ್ಡಿ ಎರಡು ಮೂರನ್ನು ಫೆವಿಕಾಲಿನಲ್ಲಿ ಅದ್ದಿ ತೂತಿಗೆ ಬಿಗಿಯಾಗಿ ತುರುಕಿ, ಹೊರಗೆ ಉಳಿದದ್ದನ್ನು ಕತ್ತರಿಸಿ, ಒಂದು ರಾತ್ರಿ ಒಣಗಲು ಬಿಡಿ. ಬೆಳಗ್ಗೆ ಅದೇ ಸ್ಕ್ರೂವನ್ನು ಕೈಯಲ್ಲೇ ಹತ್ತಿಸಿದರೆ ಹಿಡಿಯುತ್ತದೆ.

ಪ್ಲಾಸ್ಟಿಕ್ಕಿಗೂ ಇದೇ ನಿಯಮ. ಮಾಡ್ಯುಲರ್ ಸ್ವಿಚ್ ಬೋರ್ಡಿನ ಗ್ರಿಡ್ ಫ್ರೇಮನ್ನು ಗೋಡೆಯೊಳಗಿನ ಡಬ್ಬಿಗೆ ಎಳೆದು ಬಿಗಿದರೆ ಫ್ರೇಮು ಬಾಗುತ್ತದೆ. ಆಮೇಲೆ ಮೇಲಿನ ಕವರ್ ಪ್ಲೇಟ್ ಎಷ್ಟು ಒತ್ತಿದರೂ ಕೂರುವುದಿಲ್ಲ. ಜೋಡಿಸಿಕೊಳ್ಳುವ ಪೀಠೋಪಕರಣದ ದುಂಡಗಿನ ಲಾಕುಗಳು ತಿರುಗುವುದೇ ಅರ್ಧ ಸುತ್ತು, ಅವೂ ಕೈಯ ಕೆಲಸವೇ.

ಬಿಟ್ ಸರಿಯಿಲ್ಲದಿದ್ದರೆ ಯಂತ್ರವೇನು ಮಾಡೀತು

"46 ಪೀಸಿನ ಸೆಟ್" ಎಂದು ನೋಡಿ ಮರುಳಾಗಬೇಡಿ. ಮನೆಯಲ್ಲಿ ದಿನಬಳಕೆಗೆ ಬರುವುದು ಪಿಎಚ್2, ಅಂದರೆ ಎರಡನೇ ಅಳತೆಯ ಫಿಲಿಪ್ಸ್ ಬಿಟ್. ಸಣ್ಣ ಸ್ಕ್ರೂಗೆ ಪಿಎಚ್1, ಆಟಿಕೆ ಮತ್ತು ರಿಮೋಟಿಗೆ ಪಿಎಚ್0, ಕೆಲವು ಫರ್ನಿಚರಿಗೆ ಪಿಝಡ್2 (ಪೋಝಿಡ್ರಿವ್), ಜೊತೆಗೆ 3, 4, 5 ಮಿಲಿಮೀಟರಿನ ಆರು ಮೂಲೆಯ ಆಲನ್ ಬಿಟ್. ಉಳಿದವು ಡಬ್ಬಿ ತುಂಬಿಸಲು. ಜೊತೆಗೆ ಕೊಟ್ಟ ಬಿಟ್‌ಗಳು ಮೆತ್ತಗಿದ್ದರೆ ಹತ್ತಿಪ್ಪತ್ತು ಸ್ಕ್ರೂಗೇ ಮೂಲೆ ಸವೆದು ಬಿಳಿಚಿಕೊಳ್ಳುತ್ತವೆ. ಎಸ್2 ಎಂಬ ಗಟ್ಟಿ ಉಕ್ಕಿನ ಎರಡು ಪಿಎಚ್2 ಬಿಟ್‌ಗಳನ್ನು ಬೇರೆಯಾಗಿ ಕೊಳ್ಳುವುದು ಈ ಇಡೀ ಖರೀದಿಯಲ್ಲಿ ಅತ್ಯಂತ ಲಾಭದ ಖರ್ಚು.

ಪಿಎಚ್ ಮತ್ತು ಪಿಝಡ್ ಎರಡೂ ಕೂಡುಗುರುತಿನವೇ, ಆದರೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಸ್ಕ್ರೂ ತಲೆ ಹತ್ತಿರದಿಂದ ನೋಡಿ. ನಾಲ್ಕು ಮುಖ್ಯ ಗೆರೆಗಳ ನಡುವೆ ಇನ್ನೂ ನಾಲ್ಕು ತೆಳು ಗೆರೆ ಕಂಡರೆ ಅದು ಪಿಝಡ್. ಅದಕ್ಕೆ ಪಿಎಚ್ ಬಿಟ್ ಹಾಕಿದರೆ ಕೂತಂತೆ ಕಂಡರೂ ಬಲ ಬಿದ್ದಾಗ ಎದ್ದು ಜಾರುತ್ತದೆ, ತಲೆ ಕೆರೆದು ಹೋಗುತ್ತದೆ. ಸರಿಯಾದ ಬಿಟ್ ಸ್ಕ್ರೂಗೆ ಸಿಕ್ಕಿಸಿ ಕೈಬಿಟ್ಟರೆ ಅಲ್ಲಾಡದೆ ನಿಲ್ಲುತ್ತದೆ. ಹಳೇ ಮನೆಗಳ ಬಾಗಿಲಿನ ಒಂಟಿ ಗೆರೆಯ ಸ್ಕ್ರೂಗಳಿಗೆ ಬ್ಯಾಟರಿ ಯಂತ್ರ ಬೇಡವೇ ಬೇಡ. ಬಿಟ್ ಪಕ್ಕಕ್ಕೆ ಜಾರಿ ಮರಕ್ಕೋ ಬೆರಳಿಗೋ ತಗಲುತ್ತದೆ.

ಬಿಟ್ ಹಿಡಿಯುವ ರಂಧ್ರ ಕಾಲಿಂಚಿನ, ಅಂದರೆ 6.35 ಮಿಲಿಮೀಟರಿನ ಆರು ಮೂಲೆಯದಾಗಿರಲಿ. ಹಾಗಿದ್ದರೆ ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಬಿಟ್ ಸಿಗುತ್ತದೆ. 4 ಮಿಲಿಮೀಟರಿನ ಸಪೂರ ಬಿಟ್ ಹಿಡಿಯುವ ಪೆನ್ನಿನಂಥವು ಮೊಬೈಲ್, ಲ್ಯಾಪ್‌ಟಾಪ್ ರಿಪೇರಿಗೆ ಮಾಡಿದವು, ಕಬೋರ್ಡಿನ ಸ್ಕ್ರೂಗೆ ಅವುಗಳ ಮೋಟಾರ್ ಸಾಲದು.

ಮರ ಯಾವುದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ

ಪ್ಲೈವುಡ್ಡಿನಲ್ಲಿ ಆರು ನಂಬರಿನ ಒಂದಿಂಚು ಸ್ಕ್ರೂ ತೂತಿಲ್ಲದೆಯೂ ಹತ್ತಬಹುದು. ತೇಗ, ಹೊನ್ನೆ, ಮತ್ತಿ, ಹಲಸಿನಂಥ ಮರಕ್ಕೆ ಹಾಗೆಯೇ ನುಗ್ಗಿಸಲು ಹೋದರೆ ಸಣ್ಣ ಯಂತ್ರ ಅರ್ಧದಲ್ಲೇ ಗುಂಯ್ ಎಂದು ನಿಂತುಬಿಡುತ್ತದೆ. ಹಾಗೆ ನಿಂತಾಗ ಟ್ರಿಗರ್ ಒತ್ತಿಕೊಂಡೇ ಇರಬೇಡಿ. ತಿರುಗದ ಮೋಟಾರ್ ಅತಿ ಹೆಚ್ಚು ಕರೆಂಟ್ ಎಳೆಯುತ್ತದೆ, ಮೂರು ನಾಲ್ಕು ಸಲ ಹೀಗಾದರೆ ಸುಟ್ಟ ವಾಸನೆ ಬರುತ್ತದೆ. ಮೊದಲು ತೂತು ಕೊರೆಯಿರಿ: ಆರು ನಂಬರಿಗೆ 2.5 ಮಿಲಿಮೀಟರ್, ಎಂಟು ನಂಬರಿಗೆ 3. ಸ್ಕ್ರೂವಿನ ಥ್ರೆಡ್ಡಿಗೆ ಮೇಣದಬತ್ತಿ ಉಜ್ಜಿ. ಸೋಪು ಹಚ್ಚುವ ಅಭ್ಯಾಸ ಬಡಗಿಗಳಲ್ಲಿದೆ, ಆದರೆ ಸೋಪು ತೇವ ಎಳೆದು ಸ್ಕ್ರೂಗೆ ತುಕ್ಕು ಹಿಡಿಸುತ್ತದೆ, ಮೇಣವೇ ಮೇಲು. ಹಿತ್ತಾಳೆ ಸ್ಕ್ರೂ ಹಾಕುವುದಾದರೆ ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಹತ್ತಿಸಿ ತೆಗೆದು, ಆ ದಾರಿಯಲ್ಲಿ ಹಿತ್ತಾಳೆಯದನ್ನು ಕೈಯಲ್ಲಿ ಹತ್ತಿಸಿ. ಇಲ್ಲದಿದ್ದರೆ ಕುತ್ತಿಗೆಯಲ್ಲೇ ಮುರಿಯುತ್ತದೆ.

ಗೋಡೆ ಕೊರೆಯುವ ಮಾತಂತೂ ಇಲ್ಲ. ಇಟ್ಟಿಗೆಯಾಗಲಿ, ಕರಾವಳಿಯ ಕೆಂಪುಕಲ್ಲಾಗಲಿ, ಕಾಂಕ್ರೀಟಾಗಲಿ, ಅದಕ್ಕೆ ಇಂಪ್ಯಾಕ್ಟ್ ಡ್ರಿಲ್ಲೇ ಬೇಕು. ಯಾರೋ ಕೊರೆದು ಪ್ಲಗ್ ಹಾಕಿಟ್ಟ ತೂತಿಗೆ ಸ್ಕ್ರೂ ಹತ್ತಿಸುವುದಷ್ಟೇ ಈ ಚಿಕ್ಕ ಯಂತ್ರದ ಪಾಲು.

ಬ್ಯಾಟರಿ, ಚಾರ್ಜಿಂಗ್

ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ ಎಂಎಎಚ್, ಅದು 1500 ಇದ್ದರೆ ಸಾಕು. ಬರೆದಷ್ಟು ಇದೆಯೇ ಎಂದು ಚಾರ್ಜಿಂಗ್ ಹೊತ್ತಿನಿಂದಲೇ ಗೊತ್ತಾಗುತ್ತದೆ. ಪೂರ್ತಿ ಖಾಲಿಯಾದ 2000 ಎಂಎಎಚ್ ಸೆಲ್ ಒಂದು ಆಂಪಿಯರಿನಲ್ಲಿ ತುಂಬಲು ಎರಡು ಗಂಟೆಗಿಂತ ಹೆಚ್ಚೇ ಬೇಕು. ನಲವತ್ತು ನಿಮಿಷಕ್ಕೆ ಹಸಿರು ದೀಪ ಬಂದರೆ ಒಳಗಿರುವುದು ಅದರ ಮೂರನೇ ಒಂದು ಪಾಲು. ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ಇದನ್ನೊಮ್ಮೆ ನೋಡಿಬಿಡಿ.

ಟೈಪ್ ಸಿ ಸಾಕೆಟ್ ಇರುವುದನ್ನೇ ಆರಿಸಿ, ಮನೆಯ ಮೊಬೈಲ್ ಚಾರ್ಜರಿನಲ್ಲೇ ಆಗುತ್ತದೆ. ಆದರೆ ಕೆಲವು ಅಗ್ಗದವು ಎರಡೂ ತುದಿ ಟೈಪ್ ಸಿ ಇರುವ ಕೇಬಲ್ಲಿನಲ್ಲಿ ಚಾರ್ಜೇ ಆಗುವುದಿಲ್ಲ, ಜನ ಯಂತ್ರ ಸತ್ತಿದೆ ಎಂದುಕೊಳ್ಳುತ್ತಾರೆ. ಸಾಕೆಟ್ಟಿನ ಹಿಂದೆ 5.1 ಕಿಲೋ ಓಮಿನ ಎರಡು ಪುಟ್ಟ ರೆಸಿಸ್ಟರ್ ಇರಬೇಕು, ಅವನ್ನು ನೋಡಿಯೇ ಚಾರ್ಜರ್ ಕರೆಂಟ್ ಬಿಡುವುದು. ತಯಾರಕರು ಕೆಲವು ಪೈಸೆ ಉಳಿಸಲು ಅವನ್ನು ಹಾಕಿರುವುದಿಲ್ಲ. ಹಳೆಯ ಚಪ್ಪಟೆ ಯುಎಸ್‌ಬಿ ಚಾರ್ಜರ್, ಅದರ ಕೇಬಲ್ ಹಾಕಿದರೆ ಚಾರ್ಜ್ ಆಗುತ್ತದೆ.

ಈ ಬೆಲೆಯಲ್ಲಿ ಸೆಲ್ ಸಾಮಾನ್ಯವಾಗಿ ಒಳಗೇ ಇರುತ್ತದೆ, ನಾವು ತೆಗೆದು ಹಾಕುವಂತಿಲ್ಲ. ಹಾಗಾಗಿ ಪೆಟ್ಟಿಗೆಯ ಮೇಲೆ ತಯಾರಾದ ಅಥವಾ ಆಮದಾದ ತಿಂಗಳು, ವರ್ಷ ನೋಡುವುದು ಔಷಧಿ ಬಾಟಲಿಯ ಮೇಲೆ ತಾರೀಖು ನೋಡಿದಷ್ಟೇ ಮುಖ್ಯ. ಮೂರು ವರ್ಷ ಗೋದಾಮಿನಲ್ಲಿ ಬಿದ್ದ ಲಿಥಿಯಂ ಸೆಲ್ಲಿನ ಆಯಸ್ಸು ನಿಮ್ಮ ಕೈಗೆ ಬರುವ ಮೊದಲೇ ಕರಗಿರುತ್ತದೆ. ಆಮದು ಸಾಮಾನಿನ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಮೂಲ ದೇಶ, ಎಂಆರ್‌ಪಿ ಇರಲೇಬೇಕೆಂದು ನಮ್ಮಲ್ಲಿ ಕಾನೂನಿದೆ. ಅದಿಲ್ಲದ್ದನ್ನು ಕೊಂಡರೆ ವಾರಂಟಿ ಕೇಳಲು ಯಾರೂ ಸಿಗುವುದಿಲ್ಲ. ಲಿಥಿಯಂ ಸೆಲ್ಲಿಗೆ ನಮ್ಮ ದೇಶದ ಮಾನಕ ಐಎಸ್ 16046, ಬ್ಯಾಟರಿಯ ಮೇಲೋ ಕೈಪಿಡಿಯಲ್ಲೋ ಅದು ಕಂಡರೆ ಒಳ್ಳೆಯದು.

ಅಂಗಡಿಯಲ್ಲೇ ಎರಡು ನಿಮಿಷ

ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಕೈಗೆ ತೆಗೆದುಕೊಂಡು ನೋಡಲು ಕೊಡುತ್ತಾರೆ. 50 ಮಿಲಿಮೀಟರಿನ ಬಿಟ್ ಸಿಕ್ಕಿಸಿ ಖಾಲಿ ತಿರುಗಿಸಿ. ತುದಿ ಒಂದೇ ಚುಕ್ಕೆಯಂತೆ ನಿಲ್ಲಬೇಕು, ಒಂದು ಮಿಲಿಮೀಟರಿಗಿಂತ ಅಗಲವಾಗಿ ಸುತ್ತು ಬರೆದರೆ ಸ್ಕ್ರೂ ಮೇಲೆ ನಿಲ್ಲುವುದಿಲ್ಲ. ಕ್ಲಚ್ ಅನ್ನು 1ಕ್ಕೆ ಇಟ್ಟು, ದಪ್ಪ ಬಟ್ಟೆಯಲ್ಲಿ ಬಿಟ್ ಹಿಡಿದು ಟ್ರಿಗರ್ ಒತ್ತಿ. ಸುಲಭವಾಗಿ ಜಾರಬೇಕು. ಅಂಕಿ ಏರಿಸುತ್ತಾ ಹೋದಂತೆ ಹಿಡಿಯುವುದು ಕಷ್ಟವಾಗಬೇಕು. 1ಕ್ಕೂ ಕೊನೆಗೂ ವ್ಯತ್ಯಾಸವೇ ಕಾಣದಿದ್ದರೆ ಆ ಬಳೆ ಬರೀ ಅಲಂಕಾರ. ಆಮೇಲೆ ಸ್ವಿಚ್ ಬಿಟ್ಟು, ಗಟ್ಟಿಯಾಗಿ ಕೂತ ಯಾವುದಾದರೂ ಸ್ಕ್ರೂಗೆ ಇಟ್ಟು ಯಂತ್ರವನ್ನೇ ಕೈಯಲ್ಲಿ ತಿರುಗಿಸಿ. ಒಳಗೆ ಸ್ಪಿಂಡಲ್ ಲಾಕ್ ಇದ್ದರೆ ಬಿಟ್ ಜಾರದೆ ಸ್ಕ್ರೂವನ್ನೂ ತಿರುಗಿಸುತ್ತದೆ. ಇದಿದ್ದರೆ ಕೊನೆಯ ಕಾಲು ಸುತ್ತಿಗೆ ಬೇರೆ ಸ್ಕ್ರೂಡ್ರೈವರ್ ಹುಡುಕಬೇಕಿಲ್ಲ. ಹಿಂದೆ ಮುಂದೆ ತಿರುಗುವ ಗುಂಡಿ ಬೆರಳು ತಾಗಿದರೆ ತಾನೇ ಬದಲಾಗುವಷ್ಟು ಸಡಿಲವಿದ್ದರೆ ಅದೂ ತಾಪತ್ರಯವೇ. ತುದಿಯಲ್ಲಿ ದೀಪವಿರಲಿ, ಕಬೋರ್ಡಿನ ಒಳಮೂಲೆಯಲ್ಲಿ ಬೆಳಕೇ ಇರುವುದಿಲ್ಲ. ಆಕಾರದಲ್ಲಿ ಪಿಸ್ತೂಲಿನಂತೆ ಬಾಗಿದ್ದು ಒತ್ತಿ ಹಿಡಿಯಲು ಸಲೀಸು, ನೆಟ್ಟಗಿನದು ಇಕ್ಕಟ್ಟಿನ ಜಾಗಕ್ಕೆ ಸಲೀಸು. ಒಂದೇ ಕೊಳ್ಳುವುದಾದರೆ ಪಿಸ್ತೂಲಿನದೇ ಇರಲಿ, ಜೊತೆಗೊಂದು 60 ಮಿಲಿಮೀಟರಿನ ಎಕ್ಸ್‌ಟೆನ್ಷನ್.

ಸ್ವಿಚ್ ಬೋರ್ಡಿಗೆ ಕೈಹಾಕುವ ಮುನ್ನ ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಯುಪಿಎಸ್ ಇರುವ ಮನೆಯಲ್ಲಿ ಅದರ ಲೈನನ್ನೂ ಆಫ್ ಮಾಡಬೇಕು, ಮುಖ್ಯ ಸ್ವಿಚ್ ಇಳಿಸಿದರೂ ಆ ತಂತಿಯಲ್ಲಿ 230 ವೋಲ್ಟ್ ಇರುತ್ತದೆ. ಹೊರಮೈ ಪ್ಲಾಸ್ಟಿಕ್ ಎಂಬ ಧೈರ್ಯ ಬೇಡ. ಬಿಟ್, ಚಕ್ ಎಲ್ಲ ಬರಿ ಲೋಹ, ಇದು ಇನ್ಸುಲೇಟೆಡ್ ಉಪಕರಣ ಅಲ್ಲ.

ಕೊಂಡ ಮೇಲೆ ಅರ್ಧ ಚಾರ್ಜ್ ಮಾಡಿ ಇಡಿ, ಬಳಸದಿದ್ದರೂ ಮೂರು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದ ಸೆಲ್ ಮತ್ತೆ ಏಳುವುದಿಲ್ಲ. ಶೀಟ್ ಮನೆಯ ಅಟ್ಟ, ಬಿಸಿಲಲ್ಲಿ ನಿಲ್ಲುವ ಸ್ಕೂಟರಿನ ಡಿಕ್ಕಿ ಎರಡೂ ಬೇಡ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಬಿಟ್‌ಗಳಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಸವರಿ, ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಲಿ.